ನಿಂತ ಗಾಡಿಗೆ ಹೊತ್ತ ಹರಕೆ

ಸಿಗ್ನಲ್ಲೂ ಇಲ್ಲದ ಬಟ್ಟಬಯಲಿನಲ್ಲಿ ಆ ರೈಲು ಯಾಕೆ ನಿಂತಿತು? ನಾನು ಮದುವೆಯಾದ ಹೊಸದರಲ್ಲಿ ನನ್ನ ಅತ್ತೆ ಮುನಿಯಕ್ಕ ಕೇಳಿದ ಪ್ರಶ್ನೆ ಇದು. ವಿಜ್ಞಾನದ ಪುಸ್ತಕ ಓದುವ ಅಳಿಯನಿಗೆ ಗೊತ್ತಿದ್ದೀತೆಂದು ಅವರು ನಂಬಿದ್ದರು. ಹಳಿಯ ಮೇಲೆ ಎಮ್ಮೆ ಅಡ್ಡ ಬಂದಿರಬಹುದು ಎಂದೆ. ಎಮ್ಮೆ ಇರಲಿಲ್ಲ ಎಂದರು.

ಅವರ ಊರು ವೈಟ್‌ಫೀಲ್ಡ್ ಸ್ಟೇಷನ್ನಿನ ಪೂರ್ವಕ್ಕೆ, ಮದರಾಸಿನ ಹಳಿಯ ಅಂಚಿನಲ್ಲಿದೆ. ಚೊಚ್ಚಲ ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿ ಸೂಲಗಿತ್ತಿ ಕೈಚೆಲ್ಲಿದಾಗ, ಮನೆಯವರು ಮುನಿಯಕ್ಕನನ್ನು ಮಂಚದ ಸಮೇತ ಹೊತ್ತು ಹಳಿಯ ಪಕ್ಕದ ಕಾಲುದಾರಿಯಲ್ಲಿ ಸ್ಟೇಷನ್ನಿನತ್ತ ಹೊರಟರು. ಅವರ ಅತ್ತೆ ಪಿಳ್ಳಮ್ಮ ಮಾತ್ರ ಮಂಚದ ಜೊತೆ ಬರದೆ, ಒಂದು ಮಾತೂ ಆಡದೆ, ಎದುರು ದಿಕ್ಕಿಗೆ ನಡೆದುಬಿಟ್ಟರು. ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಕಡೆ ಹೋಗುವ ಪ್ಯಾಸೆಂಜರ್ ಗಾಡಿಯ ಸದ್ದು ಹಿಂದಿನಿಂದ ಕೇಳಿತು. ಅದು ಹೊಂಗೆಮರಗಳ ತಿರುವಿನಲ್ಲಿ ಕಿರುಗುಟ್ಟುತ್ತ ನಿಂತುಬಿಟ್ಟಿತು. ಜನ ಮಂಚ ತಿರುಗಿಸಿಕೊಂಡು ಅಲ್ಲಿಗೆ ಓಡಿ ಅವರನ್ನು ಗಾಡಿಗೆ ಹತ್ತಿಸಿದರು. ಬೆಂಗಳೂರಿನ ದಂಡು ಸ್ಟೇಷನ್ನಿನ ಹತ್ತಿರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಅದೇ ನನ್ನ ಹೆಂಡತಿ ಭಾಗ್ಯಮ್ಮ.

ಅರೆಪ್ರಜ್ಞೆಯಲ್ಲಿದ್ದ ಮುನಿಯಕ್ಕ ಆಮೇಲೆ ಊರವರನ್ನೆಲ್ಲ ಕೇಳಿದರಂತೆ. ಯಾರು ಕೈ ತೋರಿಸಿದ್ದು? ‘ಯಾರೂ ಇಲ್ಲ, ಗಾಡೀನೇ ನಿಂತ್ಕಂತು’ ಎಂಬುದೇ ಎಲ್ಲರ ಉತ್ತರ. ಹಾಗಾಗಿ ಅವರು ಗಾಡಿಗೇ ಹರಕೆ ಹೊತ್ತರು: ನಿಂತ ಎಂಜಿನ್ನಿನ ಮುಂದೆ ಒಂದು ಕಾಯಿ ಒಡೆಯಬೇಕು.

ಹರಕೆ ಸಣ್ಣದು, ತೀರಿಸುವುದು ಸುಲಭವಾಗಲಿಲ್ಲ. ವೈಟ್‌ಫೀಲ್ಡಿನಲ್ಲಿ ಎಂಜಿನ್ ಪ್ಲಾಟ್‌ಫಾರಮ್ಮಿನ ಆಚೆ ತುದಿಯಲ್ಲಿ ನಿಲ್ಲುತ್ತಿತ್ತು. ಇವರು ಕಾಯಿ ಹಿಡಿದು ಅಲ್ಲಿಗೆ ಸೇರುವಷ್ಟರಲ್ಲಿ ಸಿಳ್ಳೆ ಹಾಕಿ ಹೊರಡುತ್ತಿತ್ತು. ಹೊಲದ ಪಕ್ಕ ಕಾರ್ಖಾನೆಗಳೆದ್ದು, ಅವುಗಳ ಗೇಟಿನಲ್ಲಿ ಸೊಪ್ಪು ಮಾರತೊಡಗಿದ ಮೇಲೂ, ಸಿಳ್ಳೆ ಕೇಳಿದರೆ ಕಟ್ಟು ಕೆಳಗಿಟ್ಟು ಕೈ ಮುಗಿಯುತ್ತಿದ್ದರು. ‘ಅಜ್ಜಿ, ಮೊದ್ಲು ಚಿಲ್ಲರೆ ಕೊಡು, ಆಮೇಲೆ ಮುಗಿ’ ಎಂದು ಶಿಫ್ಟು ಬಿಟ್ಟ ಹುಡುಗರು ನಗುತ್ತಿದ್ದರು. ಕ್ರಮೇಣ ಡೀಸೆಲ್ ಎಂಜಿನ್ನುಗಳು ಬಂದವು. ಅವುಗಳಿಗೆ ಅವರು ಕೈ ಮುಗಿಯಲಿಲ್ಲ. ತೀರದ ಹರಕೆ ಮಗಳ ತಲೆಗೆ ಸುತ್ತಿಕೊಳ್ಳುತ್ತದೆಂಬ ಭಯ ಮಾತ್ರ ವರ್ಷದಿಂದ ವರ್ಷಕ್ಕೆ ಬಲಿಯುತ್ತ ಹೋಯಿತು. ನನಗೆ ಹರಕೆಯಲ್ಲಿ ನಂಬಿಕೆಯಿಲ್ಲ. ಆ ಭಯ ನಿಜವೆಂಬುದರಲ್ಲಿ ಸಂಶಯವಿರಲಿಲ್ಲ.

ಎಂಬತ್ತೆರಡರ ದಸರಾ ರಜೆಯಲ್ಲಿ ಮಕ್ಕಳನ್ನೂ ಅವರನ್ನೂ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆವು. ಬಾಗಿಲಲ್ಲೇ ಕಾವಲುಗಾರ ಅವರ ಚೀಲ ನೋಡಿದ.

“ಏನಮ್ಮಾ, ಇದೇನು ದೇವಸ್ಥಾನವಾ? ಕಾಯಿ ಗೀಯಿ ಒಡೆಯಂಗಿಲ್ಲ.”

“ದೇವಸ್ಥಾನದಾಗೆ ಪುಗಸಟ್ಟೆ ಬುಡ್ತಾರಪ್ಪ. ನೀನು ಕಾಸೂ ಇಸ್ಕಂಡು ಕಾಯೂ ಒಡೀಬ್ಯಾಡ ಅಂತೀಯಲ್ಲ!”

“ಅವ್ವಾ, ಸುಮ್ಕಿರು. ಜನ ನೋಡ್ತಾವ್ರೆ,” ಎಂದಳು ಭಾಗ್ಯಮ್ಮ.

“ನೋಡ್ಲಿ ಬುಡೇ. ನೀನು ಉಟ್ಟಕ್ ಓಗೋವಾಗ ಒಂದು ರೈಲು ಜನ ನೋಡಿದ್ರು.”

ಒಳಗೆ, ಮರದ ನೆರಳಿನಲ್ಲಿ, ಕಪ್ಪು ಬಣ್ಣದ ಉಗಿ ಎಂಜಿನ್ ನಿಂತಿತ್ತು. ಮುನಿಯಕ್ಕ ಚಪ್ಪಲಿ ಕಳಚಿದರು. ಎದೆಯೆತ್ತರದ ಚಕ್ರದ ಮೇಲೆ ಅಂಗೈ ಇಟ್ಟರು. “ತಣ್ಣಗದೆ,” ಎಂದರು. “ಅವತ್ತು ಉಸಿರು ಬುಡ್ತಿತ್ತು.”

ಸುಳ್ಳಿನ ಮೇಲೆ ಹರಕೆ ತೀರಿಸುವುದು ನನಗೆ ಸರಿಕಾಣಲಿಲ್ಲ. “ಅತ್ತೆ, ಇದು ಆ ಗಾಡಿ ಅಲ್ಲ. ನಮ್ಮ ಕಡೆ ಹಳಿ ಇನ್ನೂ ಅಗಲ. ಇದು ಅಲ್ಲಿ ಓಡೋಕೇ ಆಗಲ್ಲ.”

“ತಿರುಪ್ತಿಗೆ ಓಗಕ್ಕಾಗ್ದೋರು ಊರ ತಿಮ್ಮಪ್ಪನ ಗುಡೀಲಿ ಮುಡುಪು ಆಕಲ್ವಾ, ಅಳಿಯಂದ್ರೆ? ಅಲ್ಲಿಗೆ ಮುಟ್ಟಲ್ವಾ?”

ಅವರು ಕಾವಲುಗಾರನಿಗೆ ತಮ್ಮ ಕಥೆ ಹೇಳುತ್ತಿದ್ದಾಗ ನಾನು ಎಂಜಿನ್ನಿನ ಎದುರಿಗೆ, ಎರಡು ಹಳಿಗಳ ನಡುವೆ, ಹೋಗಿ ನಿಂತೆ. ಮೊಣಕಾಲಿನ ಮಟ್ಟದಲ್ಲಿ ಅಡ್ಡ ಬಂದ ದನವನ್ನು ತಳ್ಳುವ ಕಬ್ಬಿಣದ ಹಲ್ಲುಗಳು. ಅವುಗಳ ಮೇಲೆ ಬಾಯ್ಲರಿನ ದುಂಡು ಮುಖ. ನನ್ನ ತಲೆಗಿಂತ ಎಷ್ಟೋ ಮೇಲೆ ದೀಪ. ಒಳಗೆ ಬೆಂಕಿಯಿಲ್ಲ, ನೀರಿಲ್ಲ. ಅದು ಒಂದಂಗುಲವೂ ಕದಲದೆಂಬುದು ನನಗೆ ಖಚಿತ. ಆದರೂ ಕಾಲುಗಳು ಪಕ್ಕಕ್ಕೆ ಸರಿಯಲು ಹವಣಿಸಿದವು. ಓಡುವ ರೈಲಿನ ಭಾರ ಮತ್ತು ವೇಗವನ್ನು ಗುಣಿಸಿದರೆ ಏನು ಬರುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಆ ಗುಣಾಕಾರ ಮೈಗೆ ಅರ್ಥವಾದದ್ದು ಅಂದೇ. ಇಂಥದ್ದು ಬಯಲಿನಲ್ಲಿ ತಾನಾಗಿ ನಿಂತಿತೇ? ಸರಿದುಕೊಂಡೆ.

ಕಾವಲುಗಾರ ಅತ್ತಿತ್ತ ನೋಡಿದ. “ಅಗೋ, ಆ ಕಲ್ಲಿನ ಮ್ಯಾಲೆ ಒಡ್ಕಳಿ. ನೀರು ಎಂಜಿನ್ನಿಗೆ ಸಿಡೀಬಾರ್ದು, ತುಕ್ಕು ಹಿಡೀತದೆ. ನಾನು ಆ ಕಡೆ ತಿರುಗಿರ್ತೀನಿ. ನಾನೇನೂ ನೋಡಿಲ್ಲ.”

ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಅವರು ಭಾಗ್ಯಮ್ಮನ ಕೈಹಿಡಿದು ಎಂಜಿನ್ನಿಗೆ ಸಾಷ್ಟಾಂಗ ಮಾಡಿಸಿದರು. ಒಂದು ಹೋಳು ಏನೂ ನೋಡದವನ ಕೈಗೆ ಹೋಯಿತು.

ಹಿಂದಿರುಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವರು ಹಗುರಾಗಿ ನಕ್ಕರು. “ಕಬ್ಬಿಣಕ್ಕೆ ಇದ್ದ ಕರುಳು ನಮ್ಮತ್ತೆಗಿರ್ನಿಲ್ಲ ನೋಡಿ. ಸಾಯೋಳನ್ನ ಬುಟ್ಟು ಇನ್ನೊಂದು ಕಡೀಕೆ ಒಂಟೋದ್ರು.” ಪಿಳ್ಳಮ್ಮ ಆಗಲೇ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಅಡುಗೆ ಮಾಡಿದರೂ ಕೊನೆಯವರೆಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಿದವರಲ್ಲ.

ಮುನಿಯಕ್ಕ ಎಂಬತ್ತೇಳನೇ ಇಸವಿಯಲ್ಲಿ ತೀರಿಕೊಂಡರು. ತಿಥಿಯ ದಿನ ಊಟ ಮುಗಿದ ಮೇಲೆ ಪಿಳ್ಳಮ್ಮನ ಮಗಳು, ಭಾಗ್ಯಮ್ಮನ ಸೋದರತ್ತೆ ವೆಂಕಟಮ್ಮ, ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, ಹಳಿಯ ಕಡೆ ನೋಡಿದರು.

“ಇನ್ನು ಆ ಮಾತು ಏಳಬೌದು. ಸೊಸೆ ಕಿವಿಗೆ ಬೀಳಬಾರ್ದು ಅಂತ ಅವ್ವ ಆಣೆ ಆಕ್ಸಿದ್ಲು. ಅವತ್ತು ಗಾಡಿ ನಿಲ್ಸಿದ್ದು ನಮ್ಮವ್ವ.”

ವೆಂಕಟಮ್ಮ ಇನ್ನೊಂದು ಎಲೆಗೆ ಸುಣ್ಣ ಸವರಿದರು.

“ಉಟ್ಟಿದ್ದು ಕೆಂಪು ಸೀರೆ. ಆವಾಗೆಲ್ಲ ಅದ್ರೊಳಗೆ ಇನ್ನೇನು ಉಡ್ತಿದ್ವಿ? ಬಿಚ್ಚಿ ಎರಡೂ ಕೈಯಾಗೆ ಬೀಸ್ತಾ ಹಳಿ ಮಧ್ಯ ನಿಂತ್ಬುಟ್ಲು. ಹೊಲದಾಗಿದ್ದ ಗಂಡಸ್ರೆಲ್ಲ ಮೊಕ ತಿರುಗಿಸ್ಕಂಡ್ರು. ಆಮ್ಯಾಕೆ ಪೊಲೀಸ್ನೋರು ಬಂದು ಕೇಳುದ್ರೆ, ನಾವೇನೂ ನೋಡಿಲ್ಲ ಅಂತ ಇಡೀ ಊರೇ ಅಂತು. ಸೊಸೆಗೆ ಗೊತ್ತಾದ್ರೆ ನನ್ ಮೊಕ ಎಂಗೆ ನೋಡ್ತಾಳೆ, ಬ್ಯಾಡ ಅಂದ್ಲು.”

ಭಾಗ್ಯಮ್ಮ ಕೇಳಿದಳು: “ಗಾಡಿ ಎಷ್ಟು ದೂರದಾಗೆ ನಿಲ್ತು, ಅತ್ತೆ?”

ದೂರವೇನೂ ಉಳಿದಿರಲಿಲ್ಲವಂತೆ. ಎಂಜಿನ್ನಿನ ಹಲ್ಲುಗಳು ಪಿಳ್ಳಮ್ಮನ ಮೊಣಕಾಲಿಗೆ ತಾಗಿದ ಮೇಲೆಯೇ ಅದು ನಿಂತದ್ದು.