ಟೈಪಿಸ್ಟ್ ಲಝರನ ಒಂಟೆ

ಗಫ್ಸಾ ಊರಿನ ಅಂಚೆ ಕಚೇರಿಯ ಕಮಾನಿನ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಸಿ ಲಝರನಿಗೆ ತನ್ನ ಯಂತ್ರದ ಅಕ್ಷರಗಳೆಂದರೆ ಎಲ್ಲಿಲ್ಲದ ಹೆಮ್ಮೆ. "ನಮ್ಮಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ. ಎಲ್ಲ ಅಕ್ಷರಕ್ಕೂ ಒಂದೇ ಜಾಗ" ಎನ್ನುತ್ತಿದ್ದ. ನಿಜವೇ. ದಡೂತಿ ಎಮ್ ಮೈ ಮುದುಡಿಕೊಂಡರೆ, ಸಣಕಲು ಐ ಬಸ್ಸಿನಲ್ಲಿ ಕಾಲಗಲಿಸಿ ಸೀಟು ಹಿಡಿದವನ ಹಾಗೆ ಅಷ್ಟೇ ಜಾಗ ತುಂಬಿಕೊಳ್ಳುತ್ತಿತ್ತು. ಎಲ್ಲ ಅಕ್ಷರದ ಬುಡಕ್ಕೂ ಚಪ್ಪಟೆ ಪಾದ ಬೇರೆ. ಫ್ರಾನ್ಸಿನಲ್ಲಿ ದುಡಿದು ಬಂದ ಮುದುಕರ ಪಿಂಚಣಿ ಅರ್ಜಿಗಳೆಲ್ಲ ಆ ಪಾದಗಳ ಮೇಲೆಯೇ ಸಮುದ್ರ ದಾಟಿದ್ದವು.

ಎದುರಿಗೆ ಕಂಪ್ಯೂಟರ್ ಅಂಗಡಿ ತೆರೆದದ್ದೇ ತಡ, ಲಝರ್ ನೊಣ ಹೊಡೆಯುತ್ತ ಕೂತ. ಕೊನೆಗೆ ಯಂತ್ರ ಮನೆಗೆ ಬಂದು ಹೆಂಡತಿ ವಸೀಲಾಳ ಮಗ್ಗದ ಪಕ್ಕ ಬಿತ್ತು.

"ಏ ಗಂಡಸೇ, ಈ ಕಬ್ಬಿಣ ನನ್ನ ಉಣ್ಣೆಗೆಲ್ಲ ಎಣ್ಣೆ ಮೆತ್ತುತ್ತಿದೆ. ಗುಜರಿಯವನಿಗೆ ನೀನೇ ಕೊಡ್ತೀಯೋ, ನಿನ್ನನ್ನೂ ಸೇರಿಸಿ ನಾನು ಕೊಡ್ಲೋ?"

ಲಝರ್ ಯಂತ್ರವನ್ನು ತನ್ನ ಕಡೆ ಎಳೆದುಕೊಂಡ. ಯಂತ್ರ ಹೋದ ಮೇಲೆ ಹೆಸರಿಗೆ ಮೊದಲು 'ಸಿ' ಹಚ್ಚಿ, ಸಾಹೇಬ ಎಂಬಂತೆ ಮರ್ಯಾದೆ ಕೊಡುವವರು ಯಾರು? ಹೆಂಡತಿಯ ಮನಸ್ಸು ತಿರುಗಿಸಲು ಒಂದು ಉಪಾಯ ಹೂಡಿದ. ಅವಳ ತಾಯಿ ನೇಯ್ದ ಹಳೆಯ ಕಂಬಳಿಯಲ್ಲಿ ಒಂದು ಒಂಟೆಯಿತ್ತು. ಹುಳು ತಿಂದು ಕಂಬಳಿ ಜಾಳಾಗಿತ್ತು. ಎಳೆಗೊಂದು ಅಕ್ಷರದಂತೆ ಎಣಿಸಿಕೊಂಡು, ಕೆಂಪು ಇದ್ದಲ್ಲಿ ಎಮ್, ಬಿಳಿ ಇದ್ದಲ್ಲಿ ಐ ಕುಟ್ಟುತ್ತ ಹೋದ. ಹಾಳೆಯ ಮೇಲೆ ಒಂಟೆ ಡುಬ್ಬದ ಸಮೇತ ಎದ್ದು ನಿಂತಿತು. ವಸೀಲಾ ಅದನ್ನು ನೋಡಿಕೊಂಡೇ ನೇಯ್ದಳು, ಪರವಾಗಿಲ್ಲ ಎಂದಳು. ಹೇಳಿ ಕಳಿಸಿದ್ದ ಗುಜರಿಯವನಿಗೆ ಬರಬೇಡ ಎಂದು ಮಾತ್ರ ಹೇಳಲಿಲ್ಲ.

ಅವಳ ಅಕ್ಕ ಖದ್ರಾ ಮಗಳ ಮದುವೆಯ ಕಂಬಳಿಗೆ ಅದೇ ಒಂಟೆ ಬೇಕೆಂದು ಹಾಳೆ ಕೇಳಿ ಒಯ್ದಳು. ಮಸಿ ಮೆತ್ತಿದ ಹಾಳೆ ಅವಳಿಗೆ ಹಿಡಿಸಲಿಲ್ಲ. ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನೇ ನಾಜೂಕು ಅಕ್ಷರಗಳಲ್ಲಿ ಹೊಸದಾಗಿ ಹೊಡೆಸಿಕೊಂಡಳು.

ಗುಜರಿಯವನು ಯಂತ್ರ ಎತ್ತಿಕೊಂಡು ಹೊಸ್ತಿಲಿಗೆ ಬಂದಿದ್ದ. ಲಝರ್ ಮುಖ ತಿರುಗಿಸಿ ನಿಂತಿದ್ದ, ಅಳು ಬರುತ್ತಿತ್ತು. ಅಷ್ಟರಲ್ಲಿ ಖದ್ರಾ ಕಂಬಳಿ ಹೊತ್ತು, ಎರಡೂ ಹಾಳೆ ಹಿಡಿದು ನುಗ್ಗಿದಳು.

"ನೋಡೇ ವಸೀಲಾ! ನಾಲ್ಕು ಕಾಲೂ ಒಂದೇ ಕಡೆ ಗಂಟು ಬಿದ್ದಿದೆ, ತಲೆ ಹೋಗಿ ಬಾಲದ ಮೇಲೆ ಕೂತಿದೆ! ಬೀಗರು ಇದೇನು ಪ್ರಾಣಿ ಅಂದ್ರೆ ಏನ್ ಹೇಳ್ಲಿ?"

"ನೇಯೋವಾಗ ಕಣ್ಣಿರ್ಲಿಲ್ವಾ ಅಕ್ಕಾ?"

"ಕಾಲು ನೇಯೋವಾಗ್ಲೇ ಅನುಮಾನ ಬಂತು ಕಣೇ. ಕಂಪ್ಯೂಟರ್ ತಪ್ಪು ಮಾಡುತ್ತಾ ಅಂತ ಸುಮ್ನಾದೆ."

ವಸೀಲಾ ಎರಡೂ ಹಾಳೆಗಳನ್ನು ಪಕ್ಕಪಕ್ಕ ಹಾಸಿ ನೋಡಿದಳು. ಅವಳಿಗೆ ಓದು ಬಾರದು, ಆದರೆ ಎಳೆ ಗೊತ್ತು. "ನಮ್ಮ ಹಾಳೇಲಿ ಈ ಕಡ್ಡಿಗಳು ಕಾಲೂರಿ ಜಾಗ ಹಿಡಿದಿವೆ. ನಿನ್ನದರಲ್ಲಿ ಸೊರಗಿ ಒಂದರ ಮೇಲೊಂದು ಒರಗಿವೆ. ಒಂಟೆ ಬೀಳದೆ ಇನ್ನೇನು?" ಎಂದವಳೇ ಬಾಗಿಲ ಕಡೆ ತಿರುಗಿದಳು. "ಏ, ಇಳಿಸು ಅದನ್ನ! ಯಾರ ಸಾಮಾನು ಅಂತ ಎತ್ಕೊಂಡು ಹೊರಟೆ?"

ಗುಜರಿಯವನು ಕಕ್ಕಾಬಿಕ್ಕಿಯಾಗಿ ಯಂತ್ರ ಇಳಿಸಿದ.

"ಕೂತ್ಕೋ, ಸಿ ಲಝರ್" ಎಂದಳು ವಸೀಲಾ. "ಅಕ್ಕನಿಗೆ ಒಂದು ಒಂಟೆ ಹೊಡಿ."

ಮದುವೆಯಾದ ಮೇಲೆ ಅವಳ ಬಾಯಿಂದ ಆ 'ಸಿ' ಬಿದ್ದದ್ದು ಇದೇ ಮೊದಲು. ಲಝರ್ ಹಿಗ್ಗಿ ಹೀರೇಕಾಯಿಯಾದ. ಓಡಿಹೋಗಿ ಕೋಟು ಹಾಕಿಕೊಂಡು ಬಂದ, ಹಾಳೆ ಸುತ್ತಿದ, ಗಂಟಲು ಸರಿಮಾಡಿಕೊಂಡ.

"ಅರ್ಜಿದಾರರ ಹೆಸರು?"

"ನಿನ್ನ ತಲೆ" ಎಂದಳು ವಸೀಲಾ. "ಒಂಟೆ ಆದ್ಮೇಲೆ ನನ್ನ ಮಗ್ಗಕ್ಕೊಂದು ಮೀನು ಕುಟ್ಟು."