ಆಲ್ಫೋನ್ಸರ ಕಾರಿಗೆ ಹೊಸ ವೈರಿಂಗ್

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿ ಗಲ್ಲಿಯಲ್ಲಿ ಬೂದು ಹೊದಿಕೆ ಹೊದ್ದ ಒಂದು ಹಳೆಯ ಮರ್ಸಿಡಿಸ್ ನಿಂತಿರುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾಡೆಲ್, ಕೆನೆಯ ಬಣ್ಣ. ಕಟ್ಟಡದ ವಾಚ್‌ಮನ್‌ಗೂ ಕೆಳಗಿನ ಕೆಫೆಟೇರಿಯಾದವರಿಗೂ ಅದು ‘ಆಲ್ಫೋನ್ಸರ ಕಾರು’. ಆಲ್ಫೋನ್ಸ್ ರೆಬೆಲ್ಲೊ ಹೋಟೆಲೊಂದರ ಪರ್ಚೇಸ್ ವಿಭಾಗದಲ್ಲಿ ಕೆಲಸಕ್ಕಿದ್ದವರು. ರಜೆಯ ದಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದರೆ ಅಂಗಿ ಬದಲಿಸಿ ನೇರ ಕೆಳಗಿಳಿದು ಅದರ ಬಾನೆಟ್ ಎತ್ತುತ್ತಿದ್ದರು. ಅವರ ಹೆಂಡತಿ ಕಾರ್ಮಿನ್‌ಗೆ ಆ ಕಾರೆಂದರೆ ಅಷ್ಟಕ್ಕಷ್ಟೆ. ಮಾರ್ಕೆಟಿಗೆ, ಡ್ಯೂಟಿಗೆ ತಮ್ಮದೇ ಸಣ್ಣ ಕಾರಿನಲ್ಲಿ ಓಡಾಡುತ್ತಿದ್ದ ಅವರು ಮರ್ಸಿಡಿಸ್‌ನ ಸ್ಟೇರಿಂಗನ್ನು ಒಮ್ಮೆಯೂ ಮುಟ್ಟಿದವರಲ್ಲ.

ಕಾರ್ಮಿನ್ ಕಿನ್ನಿಗೋಳಿಯವರು. ಮದುವೆಗೆ ಮುಂಚೆಯೇ ಅಬುಧಾಬಿಗೆ ಬಂದು ಆಸ್ಪತ್ರೆಯೊಂದರ ರಿಜಿಸ್ಟ್ರೇಷನ್ ಕೌಂಟರಿನಲ್ಲಿ ಕೂತವರು ಇಂದಿಗೂ ಅಲ್ಲೇ ಇದ್ದಾರೆ. ನೋವು ಹೊತ್ತು ಬರುವ ಅರಬರು, ಪಠಾಣರು, ಬಂಗಾಳಿಗಳು, ಫಿಲಿಪೀನ್ಸಿನವರು ತಂತಮ್ಮ ಭಾಷೆಯಲ್ಲಿ ಅರ್ಧಂಬರ್ಧ ಹೇಳುವುದನ್ನು ಕೇಳಿ ಯಾರನ್ನು ಯಾವ ಡಾಕ್ಟರ ಬಳಿ ಕಳಿಸಬೇಕೆಂದು ನಿರ್ಧರಿಸುವುದು ಅವರ ಕೆಲಸ.

ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ, ತರಕಾರಿ ಚೀಲ ಹಿಡಿದು ಲಿಫ್ಟಿನಲ್ಲಿ ಬರುತ್ತಿದ್ದ ಆಲ್ಫೋನ್ಸ್ ಅಲ್ಲೇ ಕುಸಿದರು. ಸ್ಟ್ರೋಕ್. ಜೀವ ಉಳಿಯಿತು, ಬಲಗೈ ಬಲಗಾಲು ಸೋತವು, ಮಾತು ಹೋಯಿತು. ಆಸ್ಪತ್ರೆಯಲ್ಲಿ ಕೆಲವು ವಾರ ಕಳೆದ ಮೇಲೆ ಅವರ ಬಾಯಿಂದ ಹೊರಟ ಮೊದಲ ಮಾತು ‘ಮಾಫಿ’. ಆಮೇಲೂ ಅದೊಂದೇ ಉಳಿಯಿತು. ಕ್ಷಮೆ ಕೇಳುವ ಮಾಫಿ ಅಲ್ಲ; ಇಲ್ಲ, ಬೇಡ ಎಂಬುದಕ್ಕೆಲ್ಲ ಗಲ್ಫಿಗೆ ಬಂದವರ ಬಾಯಲ್ಲಿ ದಿನವಿಡೀ ಸುಳಿಯುವ ಅರಬ್ಬಿ ಮಾತು ಅದು. ಚಹಾ ಕೊಟ್ಟರೆ ಮಾಫಿ, ಟಿವಿ ಹಾಕಿದರೆ ಮಾಫಿ, ಮಗಳ ಫೋನು ಬಂದರೂ ಮಾಫಿ. ಅವರಿಗೆ ಯಾವುದೂ ಬೇಡವಾಗಿದೆ ಎಂದೇ ಮನೆಯವರು ತಿಳಿದರು.

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಸುಸನ್ ಮಾತ್ರ ಎಚ್ಚರಿಸಿದ್ದಳು. “ಅವರಿಗೆ ಎಲ್ಲ ಅರ್ಥ ಆಗುತ್ತದೆ. ಒಳಗೆ ಇರುವ ಮಾತಿಗೆ ಬಾಯಿಗೆ ಬರುವ ದಾರಿ ಮುಚ್ಚಿದೆ, ಅಷ್ಟೆ. ಹೌದು, ಅಲ್ಲ ಎಂದು ತಲೆಯಾಡಿಸುವ ಹಾಗೆ ಕೇಳಿ. ಇಷ್ಟದ ವಸ್ತುಗಳ ಹತ್ತಿರ ಕರಕೊಂಡು ಹೋಗಿ.”

ಹಾಗೆ ಒಂದು ಸಂಜೆ ಕೆಳಗೆ ಕರೆದುಕೊಂಡು ಹೋದಾಗ ಆಲ್ಫೋನ್ಸ್ ಎಡಗೈಯಿಂದಲೇ ಹೊದಿಕೆ ಎಳೆದರು, ಏದುಸಿರು ಬಿಡುತ್ತ ಡ್ರೈವರ್ ಸೀಟಿನಲ್ಲಿ ಕೂತರು. ಅವರ ಮುಖದ ಗಂಟು ಸಡಿಲವಾದದ್ದನ್ನು ಕಾರ್ಮಿನ್ ತಿಂಗಳುಗಳ ನಂತರ ಕಂಡರು. ಕೀ ತಿರುಗಿಸಿದರೆ ಕಾರು ಸದ್ದು ಮಾಡಲಿಲ್ಲ. ಒಂದು ದೀಪವೂ ಹತ್ತಲಿಲ್ಲ. ಆಲ್ಫೋನ್ಸರ ಮುಖ ಮತ್ತೆ ಕಟ್ಟಿಕೊಂಡಿತು. ಕಾರನ್ನು ಸರಿ ಮಾಡಿಸಿಯೇ ಸಿದ್ಧ ಎಂದು ಕಾರ್ಮಿನ್ ಅಲ್ಲೇ ತೀರ್ಮಾನಿಸಿದರು.

ದುಬೈಯ ಅಲ್ ನಹ್ದಾದಲ್ಲಿರುವ ಮಗಳು ಟೀನಾ ಫೋನಿನಲ್ಲಿ ಸಿಟ್ಟಾದಳು. “ಮಮ್ಮಿ, ಡ್ಯಾಡಿಗೆ ಇನ್ನು ಡ್ರೈವ್ ಮಾಡ್ಲಿಕ್ಕೆ ಆಗ್ತದಾ? ನಲವತ್ತು ವರ್ಷ ದಾಟಿದ ಕಾರು ಅದು. ಈ ಬಿಸಿಲಿಗೆ ಬೆಂಕಿ ಹಿಡಿದ್ರೆ?” ಅವಳ ಮಾತಿನಲ್ಲಿ ಹುರುಳಿತ್ತು. ಆದರೂ ಕೆಟ್ಟ ಕಾರು ಹೊತ್ತೊಯ್ಯುವ ರಿಕವರಿ ಟ್ರಕ್ ಬಂತು, ಕಾರು ದುಬೈಯ ಅಲ್ ಕೂಜ್‌ಗೆ ಹೋಯಿತು.

ಅಲ್ಲಿ ಹಳೆ ಕಾರುಗಳ ಗ್ಯಾರೇಜ್ ಇಟ್ಟಿದ್ದವನು ಉಳ್ಳಾಲದ ಫಾರಿಸ್. ಕಾರ್ಮಿನ್ ಎದುರಿಗೇ ಅವನು ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ತೆಗೆದು ಒಂದು ತಂತಿಯನ್ನು ಬಾಗಿಸಿದ. ಮೇಲಿನ ಪ್ಲಾಸ್ಟಿಕ್ ಒಣಗಿದ ಬ್ರೆಡ್ಡಿನಂತೆ ಪುಡಿಯಾಗಿ ಅವನ ಅಂಗೈಗೆ ಉದುರಿತು, ಒಳಗಿನ ತಾಮ್ರ ಬರಿಮೈಯಾಗಿ ಹೊಳೆಯಿತು.

“ಎಲ್ಲ ಹೀಗೇ ಆಂಟಿ. ಒಂದೆರಡು ತಂತಿ ಬದಲಿಸಿದ್ರೆ ಸಾಕಾಗುವುದಿಲ್ಲ. ಹಾರ್ನೆಸ್ಸೇ ಹೊಸತು ಬೇಕು.”

ಕಾರಿನ ಈ ತುದಿಯಿಂದ ಆ ತುದಿಗೆ ಜಡೆಯ ಹಾಗೆ ಹೆಣೆದುಕೊಂಡು ಹೋಗುವ ತಂತಿಗಳ ಕಟ್ಟು ಅದು ಎಂದು ಕಾರ್ಮಿನ್‌ಗೆ ಗೊತ್ತಾದದ್ದು ಅಂದೇ.

“ಶಾರ್ಜಾದ ಸ್ಕ್ರ್ಯಾಪ್ ಯಾರ್ಡಲ್ಲಿ ಸಿಕ್ತದೆ. ಆದ್ರೆ ಅದೂ ಇದೇ ವಯಸ್ಸಿನದ್ದು, ಇದೇ ಬಿಸಿಲು ತಿಂದದ್ದು. ಹಾಕಿ ಅಂತ ನಾನು ಹೇಳುವುದಿಲ್ಲ.”

“ಮತ್ತೆ ಯಾಕೆ ಹೇಳಿದ್ದು?”

“ನಾಳೆ ಯಾರಾದ್ರೂ ನಿಮ್ಮ ಕಿವಿ ಊದಿದ್ರೆ ಗೊತ್ತಿರ್ಲಿ ಅಂತ.” ಫಾರಿಸ್ ನಗಲಿಲ್ಲ. “ಹಳೆಯದನ್ನು ಬಿಡಿಸಿಟ್ಟು ನೋಡಿಕೊಂಡು ನಾನೇ ಹೊಸತು ಕಟ್ಬಹುದು. ಆದ್ರೆ ಹಳೆಯದರಲ್ಲಿ ಯಾರಾದ್ರೂ ತಪ್ಪು ಮಾಡಿದ್ರೆ ಆ ತಪ್ಪೂ ಹೊಸತಕ್ಕೆ ಬರ್ತದೆ. ಜರ್ಮನಿಯಲ್ಲಿ ಒಂದು ಕಂಪನಿ ಉಂಟು, ಚಾಸಿ ನಂಬರ್ ಕೊಟ್ರೆ ಮೂಲ ನಕ್ಷೆ ನೋಡಿ ಅದೇ ಬಣ್ಣ, ಅದೇ ಅಳತೆಯಲ್ಲಿ ಮಾಡಿ ಕಳಿಸ್ತಾರೆ. ಫ್ಯಾಕ್ಟರಿಯಿಂದ ಹೊರಗೆ ಬಂದ ದಿವಸ ಕಾರು ಹೇಗಿತ್ತೋ ಹಾಗೆ. ಆಮೇಲೆ ಯಾರು ಏನು ಸೇರಿಸಿದ್ದಾರೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಅದು ಅಂಕಲ್‌ಗೇ ಗೊತ್ತಿರ್ಬೇಕು.”

ಅಂಕಲ್‌ಗೆ ಗೊತ್ತಿದ್ದೇನು ಬಂತು, ಹೇಳಲು ಮಾತಿಲ್ಲವಲ್ಲ?

ಕಾರ್ಮಿನ್ ಜರ್ಮನಿಯದನ್ನೇ ತರಿಸೋಣ ಎಂದರು. ಕಂಪನಿಯವರು ಎಂಜಿನಿನ ಫೋಟೊ ಕೇಳಿದ್ದರಿಂದ ಫಾರಿಸ್ ಮರುದಿನ ಕೆಲವು ಫೋಟೊಗಳನ್ನು ತೆಗೆದು ಕಾರ್ಮಿನ್ ಮೊಬೈಲಿಗೂ ಕಳಿಸಿದ. ಊಟ ಮುಗಿಸಿ ಕೂತಿದ್ದ ಗಂಡನ ಮುಂದೆ ಅವರು ಖುಷಿಯಿಂದ ಮೊಬೈಲ್ ಹಿಡಿದರು. “ಇಲ್ಲಿ ನೋಡಿ, ನಿಮ್ಮ ಕಾರಿಗೆ ಹೊಸ ವೈರಿಂಗ್ ತರಿಸ್ತಾ ಇದ್ದೇನೆ.”

ಆಲ್ಫೋನ್ಸ್ ಫೋಟೊ ನೋಡಿದರು. ಕಣ್ಣು ಅಗಲವಾಯಿತು. “ಮಾಫಿ,” ಎಂದರು. ಮೊಬೈಲನ್ನು ಎಡಗೈಯಲ್ಲಿ ಕಿತ್ತುಕೊಂಡು ಪರದೆಗೆ ಬೆರಳು ಕುಟ್ಟಿದರು. “ಮಾಫಿ! ಮಾಫಿ!” ಕುಟ್ಟಿದ ರಭಸಕ್ಕೆ ಫೋಟೊ ಸರಿದು ಬೇರೆ ಯಾವುದೋ ಬಂತು, ಅದನ್ನು ಕಂಡು ಇನ್ನಷ್ಟು ಕೆರಳಿದರು. ಮೇಜಿನ ಮೇಲಿದ್ದ ಗಂಜಿಯ ಬಟ್ಟಲು ನೆಲಕ್ಕೆ ಬಿತ್ತು. ಮುಖ ಕೆಂಪಗಾಗಿ ಕತ್ತಿನ ನರ ಉಬ್ಬಿತು. ಕಾರ್ಮಿನ್ ಬಿಪಿ ಯಂತ್ರ ಕಟ್ಟಿದರು. ಅಂಕಿ ಏರಿತ್ತು. ಇನ್ನೊಂದು ಸಲ ಆದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿಯೇ ಕಳಿಸಿದ್ದರು.

“ಅವರಿಗೆ ಬೇಡ ಅಂತ ಹೇಳ್ತಾ ಇದ್ದಾರೆ ಮಮ್ಮಿ. ಇಟ್ಸ್ ನಾಟ್ ಎಬೌಟ್ ಹಿಮ್ ಎನಿಮೋರ್. ನಿಮಗೇ ಹಠ,” ಎಂದಳು ಟೀನಾ.

ಆ ಮಾತು ನಾಟಿತು. ಗಂಡ ಮೊದಲಿನಂತಾಗಬೇಕೆಂಬ ಆಸೆಯಲ್ಲಿ ಗಂಡನನ್ನೇ ಕೊಲ್ಲುತ್ತಿದ್ದೇನೆಯೇ ಎಂದು ಕಾರ್ಮಿನ್ ಹೆದರಿದರು. ಆರ್ಡರ್ ತಡೆದರು. ಆದರೆ ಅಂದಿನಿಂದ ಆಲ್ಫೋನ್ಸ್ ಸುಮ್ಮನೆ ಕೂರಲಿಲ್ಲ. ಮನೆಯ ಬಾಗಿಲ ಬಳಿ ಹೋಗಿ ಕೋಲು ಊರಿ ನಿಲ್ಲುವರು, ಮೊಬೈಲಿನತ್ತ ಕೈ ತೋರಿಸುವರು, ಮಾಫಿ ಎನ್ನುವರು. ಊಟ ಬಿಟ್ಟರು. ಕೊನೆಗೆ ಕಾರ್ಮಿನ್ ಶನಿವಾರ ಅವರನ್ನೂ ಕರೆದುಕೊಂಡು ಅಲ್ ಕೂಜ್‌ಗೆ ಹೊರಟರು. ಟೀನಾ ನೇರ ಗ್ಯಾರೇಜಿಗೆ ಬಂದಳು, ತಂದೆಯನ್ನು ನೋಡಿಕೊಳ್ಳಲು.

ಫಾರಿಸ್ ಪ್ಲಾಸ್ಟಿಕ್ ಕುರ್ಚಿ ಹಾಕಿ ಆಲ್ಫೋನ್ಸರನ್ನು ಕಾರಿನ ಮುಂದೆ ಕೂರಿಸಿದ. ಆರ್ಡರ್ ತಡೆದಿದ್ದರೂ, ಮುಂದೆ ಹಳೆಯ ಹಾರ್ನೆಸ್ ಕತ್ತರಿಸುವ ಮೊದಲು ಯಾವ ದೀಪಕ್ಕೆ, ಯಾವ ಮೋಟಾರಿಗೆ ಇನ್ನೂ ಕರೆಂಟು ಹೋಗುತ್ತದೆಂದು ಒಮ್ಮೆ ನೋಡಬೇಕೆಂದ. ಹೊಸ ಬ್ಯಾಟರಿ ಇಟ್ಟು, ಪಕ್ಕಕ್ಕೆ ಸರಿಸಿಟ್ಟಿದ್ದ ಟರ್ಮಿನಲನ್ನು, ಬ್ಯಾಟರಿಗೆ ತಂತಿ ಜೋಡಿಸುವ ಲೋಹದ ಹಿಡಿಕೆಯನ್ನು, ಕೈಗೆತ್ತಿಕೊಂಡ.

ಆಲ್ಫೋನ್ಸ್ ಕುರ್ಚಿಯಿಂದ ಎದ್ದೇಬಿಟ್ಟರು. “ಮಾಫಿ! ಮಾಫಿ!” ಕೋಲೆತ್ತಿ, ತಾವು ಮಗುವಿನ ಮೈಯಂತೆ ಒರೆಸುತ್ತಿದ್ದ ಕಾರಿನ ಮುಂಬದಿಗೇ ಹೊಡೆದರು. ಕೆನೆಬಣ್ಣದ ಮೇಲೆ ಗೀರು ಬಿತ್ತು. ಟೀನಾ ಓಡಿಬಂದು ಅವರ ಸೊಂಟ ಬಳಸಿ ಹಿಡಿದಳು. “ಡ್ಯಾಡಿ, ಸಾಕು! ಹೊರಗೆ ಹೋಗುವ.”

ಫಾರಿಸ್ ಟರ್ಮಿನಲ್ ಹಿಡಿದೇ ಕಾರ್ಮಿನ್‌ರನ್ನು ನೋಡಿದ. “ಆಂಟಿ, ಒಂದು ಗಳಿಗೆಯ ಕೆಲಸ. ಹಾಕ್ಲಾ, ಬಿಡ್ಲಾ?”

ಎಲ್ಲರೂ ಅವರನ್ನೇ ನೋಡುತ್ತಿದ್ದರು. ಇದೊಂದು ಮುಗಿದರೆ ಗಂಡನನ್ನು ಮನೆಗೆ ಕರೆದೊಯ್ಯಬಹುದೆಂದಷ್ಟೇ ಕಾರ್ಮಿನ್‌ಗೆ ಆಗ ತೋಚಿದ್ದು. “ಹಾಕು,” ಎಂದರು.

ಟರ್ಮಿನಲ್ ಕೂರಿಸಿದ ಕೂಡಲೇ ಚಟಕ್ಕೆಂದು ಕಿಡಿ ಹಾರಿತು. ಮುಂದಿನ ಸೀಟಿನ ಅಡಿಯಿಂದ ಹೊಗೆ ಎದ್ದಿತು. ಮೊದಲು ತೆಳ್ಳಗೆ, ಮತ್ತೆ ಕಪ್ಪಗೆ, ಗಂಟಲು ಹಿಡಿಯುವ ವಾಸನೆ. ಫಾರಿಸ್ ಬೆಂಕಿ ಆರಿಸುವ ಸಿಲಿಂಡರಿಗೆ ಓಡಿದ. ಟೀನಾ ಕಿರುಚುತ್ತ ತಂದೆಯನ್ನು ಹಿಂದಕ್ಕೆ ಎಳೆದಳು. ಬಾನೆಟ್ಟಿನ ಬಳಿ ಉಳಿದವರು ಕಾರ್ಮಿನ್ ಒಬ್ಬರೇ. ಬೋಲ್ಟು ಬಿಗಿಯದೆ ಟರ್ಮಿನಲನ್ನು ಹಾಗೇ ಕೂರಿಸಿದ್ದು ಅವರ ಕಣ್ಣಿಗೆ ಬಿದ್ದಿತ್ತು. ದುಪಟ್ಟಾದ ತುದಿಯನ್ನು ಕೈಗೆ ಸುತ್ತಿ ಅದನ್ನು ಕಿತ್ತೆಳೆದರು. ಲೋಹ ಕಾದಿತ್ತು, ದುಪಟ್ಟಾ ದಾಟಿ ಬೆರಳು ಸುಟ್ಟಿತು. ಫಾರಿಸ್ ಸೀಟಿನಡಿಗೆ ಬಿಳಿಪುಡಿ ಹೊಡೆದ. ಹೊಗೆ ನಿಂತಿತು.

ಟೀನಾ ಅಳುತ್ತಿದ್ದಳು. “ಖಲಾಸ್ ಮಮ್ಮಿ. ಇವತ್ತೇ ಇದನ್ನು ಸ್ಕ್ರ್ಯಾಪಿಗೆ ಕೊಡಿ.”

ಕಾರ್ಮಿನ್ ಸುಟ್ಟ ಬೆರಳನ್ನು ನಲ್ಲಿಯ ನೀರಿಗೆ ಹಿಡಿದು ಗಂಡನನ್ನೇ ನೋಡುತ್ತಿದ್ದರು. ಈಗ ಅವರ ಮುಖದಲ್ಲಿ ಕೋಪವಿರಲಿಲ್ಲ. ಗೋಡೆಗೆ ಒರಗಿ, ಸೋತವರಂತೆ, ಮೆಲ್ಲಗೆ ಅದನ್ನೇ ಹೇಳುತ್ತಿದ್ದರು. ಮಾಫಿ. ಕೌಂಟರಿನಲ್ಲಿ ಕೂತು ಕೇಳಿದ ಮುದುಕಿಯರ ದನಿಗಳು ಕಾರ್ಮಿನ್ ಕಿವಿಯಲ್ಲಿ ಎದ್ದವು. ಮಾಫಿ ದವಾ ಎಂದರೆ ಔಷಧಿ ಬೇಡವೆಂದಲ್ಲ, ಔಷಧಿ ಮುಗಿದಿದೆ, ಇಲ್ಲ ಎಂದು. ಬೇಡ ಎನ್ನಲು ಅರಬರಿಗೆ ಬೇರೆಯೇ ಮಾತಿದೆ. ಸಾವಿರ ಜನರ ಮಾಫಿಯನ್ನು ಸರಿಯಾಗಿ ಕೇಳಿದ ತಾನು ಮನೆಯಲ್ಲಿ ಗಂಡನದನ್ನು ಕೇಳಲಿಲ್ಲವಲ್ಲ!

ನಲ್ಲಿ ನಿಲ್ಲಿಸಿ ಹತ್ತಿರ ಹೋದರು. “ಬೇಡ ಅಂತ ಅಲ್ಲ ಅಲ್ವಾ ನೀವು ಹೇಳುವುದು? ಏನೋ ಇಲ್ಲ ಅಂತ. ಹೌದಾ?”

ಆಲ್ಫೋನ್ಸ್ ತಲೆಯೆತ್ತಿದರು. ಹೌದೆಂದು ಜೋರಾಗಿ ತಲೆಯಾಡಿಸಿದರು, ಮತ್ತೆ ಮತ್ತೆ.

“ಕಾರಿನಲ್ಲಿ ಇಲ್ಲದ್ದಾ?” ಹೌದು. “ತಂತಿ ಇಲ್ವಾ?” ಅಲ್ಲ. ಕಾರ್ಮಿನ್ ಫಾರಿಸ್‌ನತ್ತ ತಿರುಗಿದರು. “ನೀನು ಕೇಳು ಮಾರಾಯ, ನನಗೆ ಇದರ ಹೆಸರು ಗೊತ್ತಿಲ್ಲ.”

ಫಾರಿಸ್ ಬೆವರು ಒರೆಸಿಕೊಂಡ. “ಅಂಕಲ್... ಫ್ಯೂಸ್ ಇಲ್ವಾ?”

ಆಲ್ಫೋನ್ಸರ ಕಣ್ಣು ತುಂಬಿ ಬಂತು. ಕೋಲು ಊರಿ ಕಾರಿನ ಬಳಿ ಬಂದು, ಬ್ಯಾಟರಿ ಟರ್ಮಿನಲಿಗೆ ಸೇರಿದ್ದ ದಪ್ಪನೆಯ ಕರಿ ತಂತಿಯೊಂದನ್ನು ಬೆರಳಲ್ಲಿ ಮುಟ್ಟಿದರು. ಫಾರಿಸ್ ಆಗ ನಡೆದದ್ದನ್ನು ಹೇಳಿದ. ಅದರ ತುದಿಗೆ ಟೇಪ್ ಸುತ್ತಿ ಯಾರೋ ಪಕ್ಕಕ್ಕೆ ಬಿಟ್ಟಿದ್ದರಂತೆ. ಕಳಚಿ ಬಿದ್ದಿರಬೇಕೆಂದುಕೊಂಡು, ಫೋಟೊ ತೆಗೆಯುವ ಮುನ್ನ ಅವನೇ ಟೇಪ್ ಬಿಚ್ಚಿ ಅದನ್ನು ಟರ್ಮಿನಲಿಗೆ ಬಿಗಿದಿದ್ದ. ಮೊಬೈಲಿನಲ್ಲಿ ಆಲ್ಫೋನ್ಸ್ ಕಂಡದ್ದು ಅದನ್ನೇ. ಸ್ಟ್ರೋಕಿಗೆ ಮುಂಚೆ ಸುಟ್ಟ ವಾಸನೆ ಬಂದಾಗ ಬೇಕೆಂದೇ ಅದನ್ನು ಬಿಚ್ಚಿಟ್ಟವರು ಅವರೇ; ಕೇಳಿದಾಗ ಹೌದೆಂದು ತಲೆಯಾಡಿಸಿದರು.

ಕಾರ್ಪೆಟ್ ಎತ್ತಿದಾಗ ಉಳಿದದ್ದೂ ತಿಳಿಯಿತು. ಕಾರಿನ ಮೊದಲ ಧಣಿ ಹಿಂದಿನ ಸೀಟಿನವರಿಗೆಂದು ಗಾಜಿನ ಬಳಿ ಒಂದು ಫ್ಯಾನ್ ಹಾಕಿಸಿದ್ದ. ಅದಕ್ಕೆ ಯಾರೋ ಬ್ಯಾಟರಿಯಿಂದ ನೇರ ತಂತಿ ಎಳೆದಿದ್ದರು, ನಡುವೆ ಫ್ಯೂಸ್ ಇಲ್ಲದೆ. ಸೀಟಿನ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಅದರ ಮೇಲ್ಪದರ ಹರಿದಿತ್ತು. ಯಾವ ನಕ್ಷೆಯಲ್ಲೂ ಇಲ್ಲದ ತಂತಿ. ಎಷ್ಟೇ ಒಳ್ಳೆಯ ಹಾರ್ನೆಸ್ ತಂದು ಹಾಕಿದ್ದರೂ ಕಾರ್ಪೆಟ್ಟಿನಡಿ ಅದು ಹಾಗೇ ಉಳಿಯುತ್ತಿತ್ತು. ಹೆದ್ದಾರಿಯ ನಡುವೆಯೇ ಹೊತ್ತಿಕೊಳ್ಳಬಹುದಿತ್ತು.

“ನನ್ನದೇ ತಪ್ಪು ಅಂಕಲ್,” ಎಂದ ಫಾರಿಸ್. ಆಲ್ಫೋನ್ಸ್ ಎಡಗೈಯಿಂದ ಅವನ ಭುಜ ತಟ್ಟಿದರು. ಆಮೇಲೆ ಹಿಂದಿನ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, ಫಾರಿಸ್ ಬಿಡಿಸಿಕೊಟ್ಟ ಹಾಗೆ ಆ ಕರಿ ತಂತಿಯನ್ನು ತಾವೇ ಎಳೆದು ನೆಲಕ್ಕೆ ಹಾಕಿದರು. ಕಾರ್ಮಿನ್ ಒಂದೊಂದಾಗಿ ಕೇಳುತ್ತ ಹೋದರು. ಹಳೆಯದನ್ನು ನೋಡಿ ಕಟ್ಟುವುದಾ? ಅಲ್ಲ. ಜರ್ಮನಿಯದ್ದೇ ತರಿಸುವುದಾ? ಹೌದು.

“ಹಿಂದಿನ ಫ್ಯಾನ್ ಬೇಡ ಅಲ್ವಾ ಇನ್ನು?”

ಆಲ್ಫೋನ್ಸ್ ಟೀನಾಳನ್ನು ನೋಡಿದರು. ಬೇಕು ಎಂಬಂತೆ ಅವಳತ್ತ ಬೆರಳು ತೋರಿಸಿದರು. ಚಿಕ್ಕವಳಿದ್ದಾಗ ಆ ಫ್ಯಾನಿನ ಕೆಳಗೆ ಕೂದಲು ಹಾರಿಸುತ್ತ ಕೂರುತ್ತಿದ್ದವಳು ಅವಳು. ಟೀನಾ ಕಣ್ಣೊರೆಸಿಕೊಂಡು ಫಾರಿಸ್‌ಗೆ ಹೇಳಿದಳು: “ಅದಕ್ಕೆ ಬೇರೆ ಲೈನ್ ಹಾಕಿ. ಫ್ಯೂಸ್ ಹಾಕಿದ್ಮೇಲೆ ನನಗೆ ತೋರಿಸ್ಬೇಕು.”

ಹಾರ್ನೆಸ್ ಬರಲು ಬೇಸಿಗೆಯೇ ಕಳೆಯಿತು. ಫಾರಿಸ್ ಅದನ್ನು ಹಾಕುವಷ್ಟು ದಿನವೂ ಪ್ರತಿ ಶನಿವಾರ ಆಲ್ಫೋನ್ಸ್ ಪಕ್ಕದಲ್ಲಿ ಕೂತರು. ಅವರ ಮಾತು ಪವಾಡದಂತೆ ಮರಳಲಿಲ್ಲ. ಆದರೆ ಮನೆಯಲ್ಲಿ ಮಾಫಿ ಎಂದಾಗಲೆಲ್ಲ ಕಾರ್ಮಿನ್ ಏನಿಲ್ಲ ಎಂದು ಹುಡುಕತೊಡಗಿದರು. ಚಹಾದಲ್ಲಿ ಸಕ್ಕರೆ ಇರುತ್ತಿರಲಿಲ್ಲ. ಟಿವಿಯಲ್ಲಿ ಅವರ ಚಾನೆಲ್ ಇರುತ್ತಿರಲಿಲ್ಲ. ಮಗಳ ಫೋನು ಬಂದಾಗ ಮಾತ್ರ ಮಗಳೇ ಇಲ್ಲಿಲ್ಲ ಎಂದು ಅರ್ಥ. ಅದು ತಿಳಿದ ಮೇಲೆ ಟೀನಾ ವಾರಕ್ಕೊಮ್ಮೆ ಬರತೊಡಗಿದಳು. ಆಲ್ಫೋನ್ಸ್ ಊಟ ಬಿಡುವುದನ್ನು ಬಿಟ್ಟರು.

ಕಾರನ್ನು ಅಬುಧಾಬಿಗೆ ಓಡಿಸಿ ತಂದವರು ಕಾರ್ಮಿನ್. ಅಷ್ಟು ಉದ್ದದ ಮೂತಿಯ ಕಾರು, ಎಡಬಲದಲ್ಲಿ ಲಾರಿಗಳು. ಬೆವರಿದ ಕೈಯಲ್ಲಿ ಸ್ಟೇರಿಂಗ್ ಜಾರುತ್ತಿತ್ತು, ಕಣ್ಣು ಮತ್ತೆ ಮತ್ತೆ ಸೀಟಿನಡಿಗೆ, ಹೊಗೆ ಹುಡುಕಿಕೊಂಡು. ದುಬೈ ಗಡಿಯ ಗಂತೂತ್ ದಾಟಿ ಲೇನ್ ಬದಲಿಸಿದ ಮೇಲೆ ತೋಳಿನ ಮೇಲೆ ಏನೋ ಬಡಿದಂತಾಯಿತು. ಪಕ್ಕದಲ್ಲಿ ಕೂತಿದ್ದ ಆಲ್ಫೋನ್ಸ್ ಎಡಗೈಯ ಒಂದು ಬೆರಳಿನಿಂದ ತಟ್ಟುತ್ತಿದ್ದರು. ಟಕ್, ಟಕ್, ಟಕ್. ಏನೆಂದು ತಿಳಿಯಲು ಕಾರ್ಮಿನ್‌ಗೆ ಸ್ವಲ್ಪ ಹೊತ್ತು ಬೇಕಾಯಿತು. ಅದೇ ತಾಳಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪವೊಂದು ಮಿನುಗುತ್ತಿತ್ತು.

“ಓ, ಇಂಡಿಕೇಟರಾ,” ಎಂದು ಕಾರ್ಮಿನ್ ಅದನ್ನು ಆರಿಸಿದರು.