ತಪಸ್ಸುಕಾಲಕ್ಕೆ ಬಂದ ಕರಿ ಟಗರು

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಅಂದರೆ ಪ್ರಾರ್ಥನೆಗೆ ಮೊಣಕಾಲೂರಿದರೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣದಷ್ಟು ಚಿಕ್ಕವಳಿದ್ದಾಗ, ಒಂದು ಶುಕ್ರವಾರ ನಮ್ಮ ಗೋಕಾಕದ ಚರ್ಚಿಗೆ ಕರಿ ಟಗರೊಂದು ಬಂತು.

ಅದು ಲೆಂಟ್, ನಮ್ಮ ಕನ್ನಡದ ತಪಸ್ಸುಕಾಲ. ಈಸ್ಟರ್ ಹಬ್ಬ ಬರುವ ತನಕ ಮನೆಯಲ್ಲಿ ಮಾಂಸವಿಲ್ಲ, ಚಹಾಕ್ಕೆ ಸಕ್ಕರೆಯಿಲ್ಲ. ಹೊರಗೆ ಉರಿಬಿಸಿಲು, ಒಳಗೆ ಬರೀ ಬೇಳೆಸಾರಿನ ವಾಸನೆ. ಅವ್ವ ಜೋಳ ಬೀಸಲು ಕಳಿಸುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಬೇರೆ ಚೀಲಕ್ಕೆ ಹಾಕುತ್ತಿದ್ದಳು. ನಮ್ಮ ಚರ್ಚಿನ ಎಲ್ಲರ ಮನೆಯಲ್ಲೂ ಹಾಗೆಯೇ. ಶುಕ್ರವಾರ ಆ ಚೀಲಗಳನ್ನೆಲ್ಲ ಚರ್ಚಿನ ದೊಡ್ಡ ಬುಟ್ಟಿಗೆ ಸುರಿಯುತ್ತಿದ್ದೆವು. ಬುಟ್ಟಿ ಹಿಂದಿನ ಓಣಿಯಲ್ಲಿದ್ದ ಸಿಸ್ಟರ್‌ಗಳ ದವಾಖಾನೆಗೆ ಹೋಗುತ್ತಿತ್ತು. ಹಳ್ಳಿಗಳಿಂದ ಬಂದ ರೋಗಿಗಳ ಕಡೆಯವರು ಆ ಜೋಳದಲ್ಲಿ ರೊಟ್ಟಿ ಬಡಿದುಕೊಳ್ಳುತ್ತಿದ್ದರು. ಕಾನ್ವೆಂಟಿನಲ್ಲಿ ‘ಸ್ಯಾಕ್ರಿಫೈಸ್’ ಎಂಬ ಮಾತು ಕಲಿಸುವ ಮೊದಲೇ ನನಗೆ ಅದರ ವಾಸನೆ ಗೊತ್ತಿತ್ತು. ಬುಟ್ಟಿಗೆ ಜೋಳ ಸುರಿದಾಗ ಮೂಗಿಗೆ ಏರಿ ಸೀನು ತರಿಸುವ ಆ ಧೂಳಿನ ವಾಸನೆ.

ಅಪ್ಪ ಚರ್ಚಿನ ಉಪದೇಶಿ. ಫಾದರ್ ಇಲ್ಲದ ದಿನ ಪ್ರಾರ್ಥನೆ ನಡೆಸುವುದು ಅವನ ಕೆಲಸ. ಊರೆಲ್ಲ ಅವನನ್ನು ಮಾಸ್ತರ್ ಅನ್ನುತ್ತಿತ್ತು. ಆ ಶುಕ್ರವಾರ ಫಾದರ್ ಮೂಡಲಗಿ ಕಡೆಯ ಹಳ್ಳಿಗಳಿಗೆ ಹೋಗಿದ್ದರು. ಮಧ್ಯಾಹ್ನ, ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆಗೆ ನಾವೆಲ್ಲ ಬೇವಿನ ಮರದ ಕೆಳಗೆ ಸೇರಿದ್ದೆವು. ಹಸಿದ ಹೊಟ್ಟೆಗಳು, ಪಿನ್‌ಡ್ರಾಪ್ ಸೈಲೆನ್ಸ್. ಆಗ ಗೇಟಿನಿಂದ ‘ಬ್ಯಾ’ ಅಂತ ಒಂದು ದೊಡ್ಡ ಆಮೆನ್ ಬಂತು.

ಘೋಡಗೇರಿ ಹಳ್ಳಿಯ ಕುರಿಗಾರ ಅಜ್ಜನೊಬ್ಬ ನಿಂತಿದ್ದ. ತಲೆಗೆ ಕೆಂಪು ರುಮಾಲು, ಹಗ್ಗದ ತುದಿಗೆ ಹಣೆಗೆ, ಬೆನ್ನಿಗೆಲ್ಲ ಅರಿಶಿನದ ಭಂಡಾರ ಬಳಿದ ಟಗರು. ಹಿಂದಿನ ತಿಂಗಳು ಅವನ ಮೊಮ್ಮಗಳು ವಿಷಮಶೀತ ಜ್ವರದಿಂದ ನಮ್ಮ ದವಾಖಾನೆಯಲ್ಲಿ ಮಲಗಿದ್ದಳು. ಮೆಟ್ರಿಕ್ ಓದುತ್ತಿದ್ದ ನನ್ನ ಅಕ್ಕ ದಿನಾ ಸಂಜೆ ಹೋಗಿ ಆ ಹುಡುಗಿಗೆ ಚಮಚದಲ್ಲಿ ಗಂಜಿ ಕುಡಿಸಿ ಬರುತ್ತಿದ್ದಳು.

“ಬೆಳಿಗ್ಗೆ ಊರ ಬಿಟ್ಟೇನ್ರಿ ಮಾಸ್ತರ್ರ,” ಅಂದ ಅಜ್ಜ. “ಧುಪದಾಳದ ಹೊಳಿ ನೀರಾಗ ಇದಕ್ಕ ಮೈ ತೊಳಸೇನಿ. ಕೂಸು ಎದ್ದು ಕುಂತರ ನಿಮ್ಮ ಗುಡಿಗೆ ಒಂದ ಟಗರ ಅಂತ ಹರಕಿ ಹೊತ್ತಿದ್ದೆ. ಚೂರಿನೂ ನಾನ ತಂದೇನಿ, ನಿಮಗ ತ್ರಾಸ ಬ್ಯಾಡ.”

ಅಪ್ಪನ ಕೈಯಲ್ಲಿದ್ದ ಪ್ರಾರ್ಥನೆ ಪುಸ್ತಕ ಮುಚ್ಚಿಹೋಯಿತು. “ಕಾಕಾ, ಇದು ನಮ್ಮ ಉಪಾಸದ ಕಾಲ ಐತ್ರಿ. ಈಸ್ಟರ್ ತನಕಾ ಖಂಡ ಮುಟ್ಟಂಗಿಲ್ಲ.”

“ನೀವು ತಿನ್ನಬ್ಯಾಡ್ರಿ. ನಿಮ್ಮ ದೇವರಿಗೆ ಒಪ್ಪಸ್ರಿ.”

“ನಮ್ಮ ದೇವರು ಜೀವ ಕೇಳಂಗಿಲ್ಲ ಕಾಕಾ. ನಿಮ್ಮ ಮನಸ್ಸ ಮುಟ್ಟತು. ಟಗರ ಹೊಡಕೊಂಡ ಹೋಗ್ರಿ,” ಅಂದು ಅಪ್ಪ ಮತ್ತೆ ಪ್ರಾರ್ಥನೆಗೆ ಕಣ್ಣು ಮುಚ್ಚಿದ.

ನಮ್ಮ ಓಣಿಯ ಕಾಕೂ ಸುಮ್ಮನಿರುವ ಹೆಂಗಸಲ್ಲ. “ಈಸ್ಟರ್ ತನಕಾ ಇಲ್ಲೇ ಕಟ್ಟಿಹಾಕ್ರಿ ಮತ್ತ! ಮಾಸ್ತರ್ರು ಕಣ್ಣ ಮುಚ್ಚಿದ್ದು ಪ್ರಾರ್ಥನಾಕ್ಕ ಅಂತ ತಿಳದೀರೇನು? ಆಗಲೇ ಸಾರಿನ ಕನಸ ಕಾಣಾಕತ್ತಾರ!” ಎಲ್ಲರೂ ನಕ್ಕರು. ಅಜ್ಜ ಮಾತ್ರ ನಗಲಿಲ್ಲ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

“ಹೊತ್ತ ಹರಕಿ ತಿರುಗಿ ಒಯ್ಯಾಕ ಬರತೈತೇನ್ರಿ? ಕೂಸು ಇನ್ನಾ ಗ್ವಾಡಿ ಹಿಡಕೊಂಡ ನಡೀತೈತಿ. ಜ್ವರ ಮತ್ತ ಬಂದ್ರ ನಾ ಯಾರ್ನ ಕೇಳ್ಲಿ?”

ನಗು ನಿಂತಿತು. ಅಪ್ಪ ಬೇವಿನ ಮರ ನೋಡಿದ, ಗೇಟು ನೋಡಿದ. ಫಾದರ್ ಬರುವುದು ಸಂಜೆಗೆ. ಟಗರನ್ನು ಕೊಯ್ದರೆ ನಮ್ಮ ವ್ರತ ಹೋಗುತ್ತದೆ. ತಿರುಗಿ ಕಳಿಸಿದರೆ ಈ ಅಜ್ಜನ ನಿದ್ದೆ ಹೋಗುತ್ತದೆ. ಆಗ ಅಕ್ಕ ಹೆಂಗಸರ ಸಾಲಿನಿಂದ ಎದ್ದು ಮುಂದೆ ಬಂದಳು. ತಲೆಯ ಮೇಲಿನ ಸೆರಗನ್ನೂ ಸರಿಮಾಡಿಕೊಳ್ಳಲಿಲ್ಲ.

“ಅಜ್ಜಾ, ದವಾಖಾನ್ಯಾಗ ಇದ್ದಾಗ ಯಾವ ಜ್ವಾಳದ ರೊಟ್ಟಿ ತಿಂದ್ರಿ?”

“ನಿಮ್ಮ ಬುಟ್ಟೀದನ ತಿಂದೇನವಾ. ಅದಕ್ಕ ಅಲ್ಲೇನು ಬಂದಿದ್ದು?”

“ಆ ಬುಟ್ಟಿ ಹೆಂಗ ತುಂಬತೈತಿ ಗೊತ್ತೈತೇನ್ರಿ? ಒಬ್ಬರ ಮನಿ ಜ್ವಾಳದ ಚೀಲಾನ ಪೂರಾ ಸುರವಂಗಿಲ್ಲ. ಮನಿಗೊಂದ ಹಿಡಿ. ಚೀಲಾನೂ ಉಳೀತೈತಿ, ನಾಳೆ ಮತ್ತೊಂದ ಹಿಡಿನೂ ಬರತೈತಿ. ನಿಮ್ಮ ಟಗರನ್ನೂ ಹಂಗ ತಗೋತೀವಿ. ಜೀವ ಬ್ಯಾಡ, ಮೈಮ್ಯಾಲಿನ ಉಣ್ಣಿ ಕತ್ತರಿಸಿ ಕೊಡ್ರಿ. ಚಳಿಜ್ವರ ಬಂದಾವರಿಗೆ ಹೊಚ್ಚಾಕ ಅಲ್ಲಿ ಕಂಬಳಿ ಸಾಲಂಗಿಲ್ಲ.”

ಅಜ್ಜ ಅವಳನ್ನೇ ದಿಟ್ಟಿಸಿದ. ಆಮೇಲೆ ಮೀಸೆಯೊಳಗೇ ನಕ್ಕ. “ಸಾಲಿ ಕಲತ ಹುಡುಗಿ ನೋಡು! ಒಂದ ಟಗರಿನ ಉಣ್ಣ್ಯಾಗ ಕಂಬಳಿ ಅಕ್ಕೈತೇನವಾ? ನಿಮ್ಮಪ್ಪಗ ಒಂದ ಟೊಪಗಿ ಅಕ್ಕೈತಿ!”

ಅಕ್ಕನ ಮುಖ ಕೆಂಪಾಯಿತು, ಆದರೆ ಅವಳು ಹಿಂದೆ ಸರಿಯಲಿಲ್ಲ. “ಹಂಗಾರ ಹಿಂಡಿನಾಗಿನ ಕುರಿಗೊಂದೊಂದ ಹಿಡಿ ತಗೀರಿ. ಟಗರಿಂದು ಮೊದಲನೇ ಹಿಡಿ.”

ಅಜ್ಜ ತಲೆ ತಗ್ಗಿಸಿ ಟಗರಿನ ಕೊಂಬು ಸವರುತ್ತ ನಿಂತ. “ನಾ ಒಪ್ಪೇನಿ. ನಿಮ್ಮ ದೇವರು ಒಪ್ಪಬೇಕಲ್ಲ? ಒಂದ ತಂಬಿಗಿ ನೀರ ಕೊಡ್ರಿ.”

ಹರಕೆಯ ಪ್ರಾಣಿಯ ಬೆನ್ನಿಗೆ ನೀರು ಹಾಕಿದಾಗ ಅದು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಅದು ಅವರ ನಂಬಿಕೆ, ನಮ್ಮ ಧರ್ಮಪಾಠದ ಕ್ಯಾಟಕಿಸಂನಲ್ಲಿ ಎಲ್ಲೂ ಇಲ್ಲ. ಅಪ್ಪ ಬೈಯುತ್ತಾನೆ ಅಂದುಕೊಂಡೆ. ಅಪ್ಪ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ತಾನೇ ಹೋಗಿ, ಮಣ್ಣಿನ ಹರವಿಯಿಂದ ನೀರು ತುಂಬಿಸಿಕೊಂಡು ಬಂದು ತಂಬಿಗೆಯನ್ನು ಎರಡೂ ಕೈಯಿಂದ ಅಜ್ಜನಿಗೆ ಕೊಟ್ಟ. ಇವತ್ತು ನೆನೆದರೂ ನನ್ನ ಎದೆ ಉಬ್ಬುತ್ತದೆ.

ಅಜ್ಜ ನೀರು ಸುರಿದ. ಟಗರು ಕದಲಲಿಲ್ಲ. ನೀರು ಕರಿ ಉಣ್ಣೆಯಿಂದ ತೊಟ್ಟಿಕ್ಕಿ ಬಿಸಿಮಣ್ಣಿನಲ್ಲಿ ಇಂಗಿಹೋಯಿತು. ಇನ್ನೊಮ್ಮೆ ಸುರಿದ. ಟಗರು ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಬೇವಿನ ಎಲೆ ಅಗಿಯತೊಡಗಿತು. ಅಜ್ಜನ ತುಟಿ ಒಣಗಿತ್ತು. ಅಕ್ಕ ಕಣ್ಣು ಮುಚ್ಚಿದ್ದಳು.

“ತಂಪ ಹತ್ತಿ ಸುಖಾ ತಗೊಳ್ಳಾಕತ್ತೈತಿ ಅದು,” ಅಂದಳು ಕಾಕೂ ಮೆಲ್ಲಗೆ. “ನಾ ಆಗಿದ್ರೂ ಹಂಗ ನಿಂದರ್ತಿದ್ದೆ.”

ಅಷ್ಟರಲ್ಲಿ ಟಗರು ಮೂತಿಯಿಂದ ಬಾಲದ ತನಕ ಒಮ್ಮೆಲೇ ಮೈ ಕೊಡವಿತು! ಅಪ್ಪನ ಬಿಳಿ ಅಂಗಿ, ಕಾಕೂನ ಮುಖ, ನೋಡಲು ಮುಂದೆ ನುಗ್ಗಿದ್ದ ನಾನು, ಎಲ್ಲರ ಮೇಲೂ ಭಂಡಾರ ಕಲೆಸಿದ ಹಳದಿ ನೀರು. “ಒಪ್ಪಿದಾ!” ಅಂತ ಅಜ್ಜ ಕೂಗಿದ. ಅವನ ಕೆನ್ನೆಯ ಮೇಲೆ ಇಳಿಯುತ್ತಿದ್ದುದು ಟಗರಿನ ನೀರಲ್ಲ. ಕರಿ ಟಗರು ಬಂದ ದಾರಿಯಲ್ಲೇ ಜೀವಂತ ತಿರುಗಿ ಹೋಯಿತು. ನಾವು ಹಳದಿ ಚುಕ್ಕೆಯ ಬಟ್ಟೆಯಲ್ಲೇ ಶಿಲುಬೆ ಹಾದಿ ಮುಗಿಸಿದೆವು. ಸಂಜೆ ಬಂದ ಫಾದರ್ ಎಲ್ಲ ಕೇಳಿ, ಅಕ್ಕನನ್ನು ಕರೆದು ಅವಳ ತಲೆಯ ಮೇಲೆ ಕೈಯಿಟ್ಟರು. ನಾನಂತೂ ಗೆಳತಿಯರಿಗೆಲ್ಲ “ಶೀ ಈಸ್ ಮೈ ಅಕ್ಕ” ಅಂತ ವಾರವಿಡೀ ಹೇಳುತ್ತ ತಿರುಗಿದೆ.

ಮೊದಲ ಮಳೆ ಬಿದ್ದ ವಾರ ಕಂಬಳಿ ಬಂತು. ದಪ್ಪನೆಯ ಕರಿ ಕಂಬಳಿ, ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ತಲೆಯ ಮೇಲೆ ಹೊತ್ತು ತಂದವಳು ಅದೇ ಮೊಮ್ಮಗಳು. ಜ್ವರಕ್ಕೆ ಉದುರಿದ್ದ ಕೂದಲು ಮತ್ತೆ ಚಿಗುರಿತ್ತು, ಕೆನ್ನೆ ತುಂಬಿತ್ತು. ಅಜ್ಜ ಗೇಟಿನ ಹತ್ತಿರವೇ ನಿಂತು, ಅವಳೊಬ್ಬಳನ್ನೇ ನಡೆದು ಹೋಗಲು ಬಿಟ್ಟ. ಅವಳು ಅಕ್ಕನ ಮುಂದೆ ಕಂಬಳಿ ಇಳಿಸಿ, ಬಾಯಿಪಾಠ ಒಪ್ಪಿಸುವವಳಂತೆ ಹೇಳಿದಳು: “ನಮ್ಮಜ್ಜ ಹೇಳ್ಯಾನ್ರಿ, ಕಂಬಳಿ ತೂಕ ನೋಡಬ್ಯಾಡ್ರಿ, ನನ್ನ ತೂಕ ನೋಡ್ರಿ ಅಂತ.”

ಮಕ್ಕಳೇ, ಲೆಂಟ್ ಬಂದರೆ ನೀವು ಚಾಕ್ಲೇಟ್ ಬಿಡುತ್ತೀರಿ, ಗೇಮ್ಸ್ ಬಿಡುತ್ತೀರಿ. ಐ ಆಮ್ ಪ್ರೌಡ್ ಆಫ್ ಯು, ಸುಳ್ಳು ಹೇಳುತ್ತಿಲ್ಲ. ಆ ಉಳಿದ ದುಡ್ಡನ್ನು ನಿಮ್ಮಮ್ಮ ಫೋನ್ ಹಿಡಿದು ಸ್ಕ್ಯಾನ್ ಮಾಡಿ ಕಳಿಸಿದರೆ ನಾವು ಹೆಸರೇ ಕೇಳದ ಊರಿನ ಕೂಸಿಗೂ ಊಟ ಮುಟ್ಟುತ್ತದೆ. ನಮ್ಮ ಜೋಳದ ಬುಟ್ಟಿ ಹಿಂದಿನ ಓಣಿ ದಾಟುತ್ತಿರಲಿಲ್ಲ. ನಿಮಗೆ ಮರುಗಳಿಗೆಯೇ ‘ಥ್ಯಾಂಕ್ ಯು’ ಅಂತ ರಸೀದಿ ಬಂದುಬಿಡುತ್ತದೆ. ನಮ್ಮ ರಸೀದಿ ಮಳೆಗಾಲಕ್ಕೆ ಬಂತು. ತಡವಾಗಿ ಬಂತು, ನಿಜ. ಆದರೆ ತನ್ನ ಕಾಲಿನಿಂದ ತಾನೇ ನಡೆದುಕೊಂಡು ಬಂತು.